ಆಕ್ಟೇವಿಯಾಕ್ಕೆ ದಪ್ಪ ಆಂಟಿ-ರೋಲ್ ಬಾರ್: ಮೂರು ವರ್ಷ, 41,000 ಕಿ.ಮೀ. ಆದ ಮೇಲೆ

ನನ್ನದು 2015ರ ಸ್ಕೋಡಾ ಆಕ್ಟೇವಿಯಾ, 1.8 ಟಿಎಸ್‌ಐ. ಕೆಲಸ ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಇರುವುದು ಬೆಳ್ತಂಗಡಿಯಲ್ಲಿ. ಹಾಗಾಗಿ ತಿಂಗಳಿಗೆ ಒಂದು ಸಲವಾದರೂ ಚಾರ್ಮಾಡಿ ಘಾಟಿ ಹತ್ತಿ ಇಳಿಯುತ್ತೇನೆ. ಈ ಕಾರಿನ 180 ಅಶ್ವಶಕ್ತಿಯೂ ಮುಂದಿನ ಚಕ್ರಗಳಿಗೇ ಹೋಗುತ್ತದೆ. ಬಿಗಿ ತಿರುವಿನಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂಗು ಹೊರಗಡೆಗೇ ಎಳೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ ವಾಲಾಟದಿಂದ ವಾಂತಿ ಬರುವಂತಾಗುತ್ತಿತ್ತು. ಬಾರ್ ಹಾಕಿಸಲು ನಿಜವಾದ ಕಾರಣ ಅದೇ.

ನಮ್ಮ ಮೆಕ್ಯಾನಿಕ್‌ಗಳು ಇದನ್ನು ಸ್ಟೆಬಿಲೈಜರ್ ಬಾರ್ ಅನ್ನುತ್ತಾರೆ. ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಪ್ರಿಂಗ್ ಉಕ್ಕಿನ ಸಲಾಕೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದು ಸುಮ್ನೆ ತಿರುಗುತ್ತದೆ. ಒಂದೇ ಕಡೆ ಎದ್ದಾಗ ತಿರುಚಿಕೊಂಡು ವಾಲುವುದನ್ನು ತಡೆಯುತ್ತದೆ. ಹಿಂದಿನ ಬಾರ್ ಗಟ್ಟಿಯಾದಷ್ಟೂ ತಿರುವಿನ ಭಾರದಲ್ಲಿ ಹೆಚ್ಚಿನ ಪಾಲನ್ನು ಹಿಂದಿನ ಹೊರ ಟೈರ್ ಹೊರುತ್ತದೆ. ಮುಂದಿನ ಎರಡು ಟೈರುಗಳು ತಮ್ಮ ಹೊರೆಯನ್ನು ಹೆಚ್ಚು ಸಮನಾಗಿ ಹಂಚಿಕೊಳ್ಳುತ್ತವೆ, ಮೂಗು ಮಾತು ಕೇಳುತ್ತದೆ.

ದಪ್ಪದ ವಿಷಯದಲ್ಲಿ ಆಸೆಬುರುಕತನ ಬೇಡ. ಬಿಗಿತ ಹೆಚ್ಚುವುದು ವ್ಯಾಸದ ನಾಲ್ಕನೇ ಘಾತದಲ್ಲಿ. 20 ಎಂಎಂ ಗಟ್ಟಿ ಸಲಾಕೆ ತೆಗೆದು 24 ಎಂಎಂ ಹಾಕಿದರೆ ದಪ್ಪ ಹೆಚ್ಚಿದ್ದು ಬರೀ ಐದರಲ್ಲೊಂದು ಪಾಲು, ಬಿಗಿತ ಮಾತ್ರ ಎರಡು ಪಟ್ಟು. ನಾನು ಹಿಂದಕ್ಕೆ 22 ಎಂಎಂ, ಪ್ರತಿ ತುದಿಗೆ ಎರಡು ತೂತಿನದ್ದು ತರಿಸಿದೆ. ಬಾರ್ ತುದಿಯ ತೂತನ್ನು ಚಕ್ರದ ಕಡೆಗೆ ಜೋಡಿಸುವ ಗಿಡ್ಡ ಕಡ್ಡಿಗಳಿಗೆ ಲಿಂಕ್ ಅನ್ನುತ್ತಾರೆ. ಉದ್ದ ಹೊಂದಿಸಬಹುದಾದ ಲಿಂಕ್‌ಗಳನ್ನೂ ಬೇರೆಯಾಗಿ ಕೊಂಡೆ.

ಕೂರಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಈ ಕಾರಿನಲ್ಲಿ ಹಿಂದಿನ ಸಬ್‌ಫ್ರೇಮನ್ನು, ಅಂದರೆ ಸಸ್ಪೆನ್ಷನ್ ಹೊತ್ತ ಉಕ್ಕಿನ ಚೌಕಟ್ಟನ್ನು, ಜಾಕ್ ಮೇಲೆ ಹೊತ್ತುಕೊಂಡು ಸ್ವಲ್ಪ ಕೆಳಗಿಳಿಸಬೇಕು. ಅದರ ಬೋಲ್ಟ್‌ಗಳು ಒಂದೇ ಸಲ ಬಳಸುವಂಥವು, ಹೊಸದನ್ನೇ ಹಾಕಬೇಕು. ಮೊದಲು ಹೋದ ಗ್ಯಾರೇಜಿನಲ್ಲಿ ಮೂರು ತಪ್ಪು ಮಾಡಿದರು. ಬಾರನ್ನು ಹಿಡಿದಿಡುವ ಪಾಲಿಯುರೆಥೇನ್ ಬುಶ್‌ಗಳಿಗೆ (ಗಟ್ಟಿ ರಬ್ಬರಿನಂಥ ತೋಳುಗಳಿಗೆ) ಗ್ರೀಸ್ ಹಚ್ಚಲಿಲ್ಲ. ಲಿಂಕ್‌ಗಳನ್ನು ಕಾರು ಲಿಫ್ಟ್ ಮೇಲೆ ನೇತಾಡುತ್ತಿದ್ದಾಗಲೇ ಬಿಗಿದರು, ಅದೂ ಎಡಕ್ಕೊಂದು ಉದ್ದ, ಬಲಕ್ಕೊಂದು ಉದ್ದ. ಸಬ್‌ಫ್ರೇಮ್ ಒಂಚೂರು ಪಕ್ಕಕ್ಕೆ ಸರಿದದ್ದನ್ನೂ ನೋಡಲಿಲ್ಲ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆ, ಬಲ ತಿರುವಿಗೊಂದು ಗುಣ, ಎಡಕ್ಕೆ ಇನ್ನೊಂದು, ಹಂಪ್ ಹತ್ತಿದಾಗಲೆಲ್ಲ ಕೀಂಯ್ ಸದ್ದು. ಎರಡು ವಾರ ನಿದ್ದೆಗೆಟ್ಟಿದ್ದೆ.

ಆಮೇಲೆ ಒಬ್ಬ ಹಳೆಯ ಫಿಟ್ಟರ್ ಹತ್ತಿರ ಹೋದೆ. ಅವರು ಮಾಡಿದ್ದನ್ನು ಪೂರ್ತಿ ಹೇಳುತ್ತೇನೆ, ನಿಮಗೂ ಬೇಕಾಗುತ್ತದೆ. ನಾಲ್ಕೂ ಚಕ್ರ ಒಂದೇ ಮಟ್ಟದಲ್ಲಿ ನಿಲ್ಲುವಂತೆ ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿದರು. ಡ್ರೈವರ್ ಸೀಟಿನಲ್ಲಿ ನನ್ನನ್ನು ಕೂರಿಸಿದರು, ಅರ್ಧ ಟ್ಯಾಂಕ್ ಪೆಟ್ರೋಲ್ ಇತ್ತು. ಒಂದು ಕಡೆಯ ಲಿಂಕ್ ಬಿಗಿದು, ಇನ್ನೊಂದನ್ನು ಅದರ ಬೋಲ್ಟ್ ಬೆರಳಲ್ಲೇ ತೂತಿನೊಳಗೆ ಹೋಗುವವರೆಗೆ ತಿರುಗಿಸಿ ಉದ್ದ ಹೊಂದಿಸಿದರು. ಅಂದರೆ ಕಾರು ಸುಮ್ಮನೆ ನಿಂತಾಗ ಬಾರ್‌ನಲ್ಲಿ ಒಂಚೂರೂ ತಿರುಚು ಇರಬಾರದು. ಕೊನೆಗೆ ಬುಶ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಸಬ್‌ಫ್ರೇಮ್ ನೇರ ಮಾಡಿ, ನಾಲ್ಕು ಚಕ್ರದ ಅಲೈನ್‌ಮೆಂಟ್ ಮಾಡಿಸಿದರು. ಅಂದೇ ಕಾರು ಬೇರೆಯಾಯಿತು.

ಈಗ ತೂತುಗಳ ಲೆಕ್ಕ. ಲಿಂಕನ್ನು ತುದಿಯ ತೂತಿಗೆ ಹಾಕಿದರೆ ಮೃದು, ಬಾರ್ ಬಾಗಿರುವ ಕಡೆಗೆ ಹತ್ತಿರದ್ದಕ್ಕೆ ಹಾಕಿದರೆ ಬಿಗಿ. ಸನ್ನೆಕೋಲು ಗಿಡ್ಡವಾದರೆ ತಿರುಚುವುದು ಕಷ್ಟ, ಅಲ್ವಾ? ಮೊದಲ ಚಳಿಗಾಲ ಪೂರ್ತಿ ಬಿಗಿ ತೂತಿನಲ್ಲಿ ಓಡಿಸಿದೆ. ಒಣ ರಸ್ತೆಯಲ್ಲಿ ಅದ್ಭುತ. ಕೊಟ್ಟಿಗೆಹಾರದಿಂದ ಕೆಳಗಿಳಿಯುವಾಗ ಮೂಗು ಎಲ್ಲಿ ತೋರಿಸಿದೆನೋ ಅಲ್ಲೇ ಹೋಗುತ್ತಿತ್ತು. ಜೂನ್ ಬಂತು. ಮಂಜು, ಪಾಚಿ, ರಸ್ತೆಗೆ ಅಡ್ಡ ಹರಿಯುವ ನೀರು. ಒಂದು ಇಳಿಜಾರಿನ ತಿರುವಿನ ನಡುವೆ ಆಕ್ಸಲರೇಟರ್‌ನಿಂದ ಕಾಲು ತೆಗೆದೆ, ಹಿಂಭಾಗ ಪಕ್ಕಕ್ಕೆ ಸರಿಯಿತು. ಇಎಸ್‌ಸಿ (ಕಾರು ಜಾರಿದಾಗ ತಾನೇ ಬ್ರೇಕ್ ಹಾಕಿ ಸರಿಪಡಿಸುವ ವ್ಯವಸ್ಥೆ) ಹಿಡಿದು ನಿಲ್ಲಿಸಿತು. ಮನೆ ತಲುಪಿದ ಮೇಲೂ ಕೈ ನಡುಗುತ್ತಿತ್ತು. ಮುಂದಿನ ಹಿಡಿತ ಹೆಚ್ಚಾದದ್ದು ಹಿಂದಿನದ್ದನ್ನು ಕಡಿಮೆ ಮಾಡಿಯೇ ಎಂದು ಓದಿದ್ದೆ, ಅಂದು ಅರ್ಥವಾಯಿತು. ಮರುದಿನವೇ ಮೃದು ತೂತಿಗೆ ಬದಲಿಸಿದೆ. ಅಲ್ಲಿಂದ ಮಳೆಗಾಲದಲ್ಲಿ ಬಿಗಿ ತೂತನ್ನು ಮುಟ್ಟಿಲ್ಲ. ಒಳ್ಳೆಯ ಟೈರ್ ಜೋಡಿಯನ್ನು ಹಿಂದಕ್ಕೇ ಹಾಕುತ್ತೇನೆ.

ತೊಂದರೆಗಳೂ ಇವೆ. ಒಂದೇ ಕಡೆ ಗುಂಡಿ ಇರುವ ರಸ್ತೆಯಲ್ಲಿ ಒಂದು ಚಕ್ರದ ಏಟು ಇನ್ನೊಂದಕ್ಕೂ ದಾಟಿ, ತಲೆ ಎಡಕ್ಕೆ ಬಲಕ್ಕೆ ಆಡುತ್ತದೆ. ಬಿಗಿ ತೂತಿನಲ್ಲಿ ಇದು ಜಾಸ್ತಿ. ಪ್ರತಿ 10,000 ಕಿಲೋಮೀಟರಿಗೆ ಬುಶ್‌ಗೆ ಗ್ರೀಸ್ ಬೇಕೇ ಬೇಕು, ಮಲೆನಾಡಿನ ಕೆಸರು ಅದನ್ನು ತೊಳೆದುಬಿಡುತ್ತದೆ. 34,000ಕ್ಕೆ ಎಡ ಲಿಂಕಿನ ಬಾಲ್ ಜಾಯಿಂಟ್ ಸವೆದು ಟಕ್ ಟಕ್ ಅಂದಿತು, ಬದಲಿಸಿದೆ. ಶಾಕ್ ಅಬ್ಸಾರ್ಬರ್ ಸೋತಿದ್ದರೆ ಮೊದಲು ಅದಕ್ಕೆ ಹಣ ಹಾಕಿ, ಕುಪ್ಪಳಿಸುವುದನ್ನು ಬಾರ್ ನಿಲ್ಲಿಸುವುದಿಲ್ಲ.

ಅಮ್ಮ ಈಗ ಘಾಟಿಯಲ್ಲಿ ಕಿಟಕಿ ಇಳಿಸಿ ಜಲಪಾತ ನೋಡುತ್ತಾರೆ. ಮೊದಲೆಲ್ಲ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಿದ್ದರು.