ಗಾದಿಯ ಮೇಲೆ ಬಿಚ್ಚಿದ ಐದು ಸೀರೆಗಳು

ತಂಗಿಯ ಮಗಳ ಮದುವೆಯ ಜವಳಿಯನ್ನು ಕಳೆದ ವಾರ ದಾವಣಗೆರೆಯ ಪೇಟೆಯ ಹಳೆಯ ಅಂಗಡಿಯೊಂದರಲ್ಲಿ ತೆಗೆದೆವು. ಕಾಲೇಜಿನಲ್ಲಿ ಗ್ರಾಹಕ ವರ್ತನೆಯ ಪಾಠ ಹೇಳುವವನಾದ್ದರಿಂದ, ಸೀರೆಗಳಿಗಿಂತ ಅವುಗಳನ್ನು ಮಾರುವ ರೀತಿಯನ್ನೇ ನಾನು ಹೆಚ್ಚು ನೋಡಿದೆನೆಂದು ಮನೆಯವರ ಆಕ್ಷೇಪ.

ನೆಲಮಹಡಿಯಲ್ಲಿ ಈಗಲೂ ಬಿಳಿ ಹೊದಿಕೆಯ ಗಾದಿಯಿದೆ. ಅಲ್ಲಿ ಕುಳಿತಿದ್ದ ಹಿರಿಯ ನೌಕರರು ಒಂದೂ ಸೀರೆ ಬಿಚ್ಚುವ ಮೊದಲು ಯಾರಿಗೆ, ಯಾವ ಶಾಸ್ತ್ರಕ್ಕೆ, ಎಷ್ಟರೊಳಗೆ ಎಂದು ಕೇಳಿ, ಕಪಾಟು ತುಂಬ ಮಾಲಿದ್ದರೂ ಐದನ್ನೇ ಇಳಿಸಿದರು. ಮನೋವಿಜ್ಞಾನಿಗಳಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ರಲ್ಲಿ ಪ್ರಕಟಿಸಿದ ಜಾಮ್ ಪ್ರಯೋಗ ನೆನಪಾಯಿತು: 24 ಬಗೆಯ ಜಾಮ್‌ಗಳನ್ನಿಟ್ಟ ಮೇಜಿನ ಬಳಿ ಹೆಚ್ಚು ಜನ ನಿಂತರೂ ಅವರಲ್ಲಿ ಕೊಂಡವರು ಶೇ. 3ರಷ್ಟು ಮಾತ್ರ, 6 ಬಗೆಗಳಿದ್ದಲ್ಲಿ ನಿಂತವರ ಪೈಕಿ ಶೇ. 30ರಷ್ಟು ಜನ ಕೊಂಡರು. ಮುಂದಿನ ಅಧ್ಯಯನಗಳಲ್ಲಿ ಈ ಫಲಿತಾಂಶ ಎಲ್ಲೆಡೆ ಮರುಕಳಿಸಲಿಲ್ಲವೆಂಬುದೂ ನಿಜ. ಆದರೆ ಮಹಡಿಯ ಮೇಲಿನ ಸ್ವಸೇವಾ ವಿಭಾಗದಲ್ಲಿ ನೂರಾರು ಸೀರೆಗಳ ನಡುವೆ ಮುಕ್ಕಾಲು ಗಂಟೆ ಸುತ್ತಿ ಬರಿಗೈಯಲ್ಲಿ ಇಳಿದುಬಂದ ನಮ್ಮ ಮಟ್ಟಿಗೆ ಅದು ಸುಳ್ಳಾಗಲಿಲ್ಲ. ಮೇಲೆ ಕೇಳಿದರೆ ಹೇಳುವವರೂ ಇರಲಿಲ್ಲ, ಕೂರಲು ಒಂದು ಕುರ್ಚಿಯೂ ಇರಲಿಲ್ಲ.

ಗಾದಿಯ ಇನ್ನೊಂದು ಬಲ ಸ್ಪರ್ಶ. ವಸ್ತುವನ್ನು ಮುಟ್ಟಿದಷ್ಟಕ್ಕೇ ಅದು ತನ್ನದೆಂಬ ಭಾವ ಮೂಡುತ್ತದೆಂದು ಗ್ರಾಹಕ ವರ್ತನೆಯ ಸಂಶೋಧಕರಾದ ಜೋಆನ್ ಪೆಕ್ ಮತ್ತು ಸುಜಾನ್ ಶು 2009ರಲ್ಲಿ ತೋರಿಸಿದ್ದರು. ಮೊಳಕಾಲ್ಮೂರು ರೇಷ್ಮೆಯ ಸೆರಗನ್ನು ಹುಡುಗಿಯ ಹೆಗಲಿಗೆ ಹಾಕಿ ಕನ್ನಡಿ ಹಿಡಿದಾಗ ಅದೇ ಆಯಿತು. ಆಮೇಲೆ ಚೌಕಾಸಿಗೆ ನಮ್ಮಲ್ಲಿ ಬಲವೇ ಉಳಿಯಲಿಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹೆಂಗಸರು ಅಂಚನ್ನು ಬೆರಳ ನಡುವೆ ಉಜ್ಜಿ ನೋಡದೆ ಬೆಲೆ ಕೇಳುವುದಿಲ್ಲ. ನನ್ನ ಅತ್ತೆಯವರು ಹಾಗೆ ಉಜ್ಜಿಯೇ ಒಂದು ಸೀರೆಯನ್ನು ಪಕ್ಕಕ್ಕಿಟ್ಟರು. ಅದರಲ್ಲಿ ಸಿಲ್ಕ್ ಮಾರ್ಕ್ ಚೀಟಿಯೂ ಇರಲಿಲ್ಲ. ಕೇಳಿದಾಗ ನೌಕರರು ಅದು ಮಿಶ್ರ ನೂಲಿನದೆಂದು ಮರೆಮಾಚದೆ ಒಪ್ಪಿಕೊಂಡರು. ಆ ಚೀಟಿ ರೇಷ್ಮೆಯ ಶುದ್ಧತೆಗಷ್ಟೇ ಸಾಕ್ಷಿ, ಜರಿಯನ್ನು ಬೇರೆಯಾಗಿಯೇ ವಿಚಾರಿಸಬೇಕು ಎಂದವರೂ ಅವರೇ.

ಕೊರತೆ ಕಂಡದ್ದು ಬಿಲ್ಲಿನ ಮೇಜಿನಲ್ಲಿ. ಮಾರಿದ ಮಾಲನ್ನು ಬದಲಾಯಿಸುವುದಿಲ್ಲವೆಂಬ ಒಕ್ಕಣೆ ರಸೀದಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು. ಹೆಗಲಿಗೆ ಸೆರಗು ಹಾಕಿ ಮನಸ್ಸು ಒಲಿಸುವ ಅಂಗಡಿ ಇದನ್ನು ಗಾದಿಯ ಬಳಿಯೇ ಹೇಳಬೇಕಿತ್ತು. ಫಾಲ್ ಮತ್ತು ಕುಚ್ಚಿನ ಕೆಲಸ ಹೇಳಿದ ದಿನಕ್ಕೆ ಮುಗಿದು, ಅಚ್ಚುಕಟ್ಟಾಗಿ ಬಂತು. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ನೆಲಮಹಡಿಯಲ್ಲೇ ಕುಳಿತುಕೊಳ್ಳಿ. ಹನ್ನೊಂದರ ನಂತರ ಗಾದಿಯಲ್ಲಿ ಜಾಗ ಸಿಗುವುದಿಲ್ಲ.