ಎಂಟನೇ ಕ್ಲಾಸಿಂದ ಕೋಚಿಂಗಾ, ರಜೆಯಲ್ಲಿ ಮೇಷ್ಟ್ರ ಜಗಲಿಯಾ?

ಗಣಿತ ಒಲಿಂಪಿಯಾಡ್‌ನ ಎರಡನೇ ಹಂತದ ಪರೀಕ್ಷೆ ಆರ್‌ಎಂಒ ಬರೆದು ಹೊರಗೆ ಬಂದ ಮಗನ ಮುಖ ನೋಡಿದ ಕೂಡಲೇ ಗೊತ್ತಾಯಿತು. "ಆನ್ಸರ್ ಗೊತ್ತಿತ್ತಮ್ಮ, ಯಾಕೆ ಅಂತ ಬರೆಯೋಕೆ ಆಗಲಿಲ್ಲ" ಅಂದ. ಮೂರು ಗಂಟೆ, ಆರು ಲೆಕ್ಕ. ಎರಡು ವರ್ಷಕ್ಕೂ ಮೇಲೆ ಕೋಚಿಂಗ್ ಮಾಡಿದವನು ಒಂದನ್ನೂ ಪೂರ್ತಿ ಮುಗಿಸಿರಲಿಲ್ಲ. ಎರಡು ವರ್ಷ ಕಳೆದು ಅದೇ ಪರೀಕ್ಷೆಗೆ ಕೂತ ಮಗಳು ಎರಡು ಲೆಕ್ಕ ಪೂರ್ತಿ ಬರೆದು ಬಂದಳು. ಇಬ್ಬರೂ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ನಮ್ಮ ದೇಶದ ಹುಡುಗರು ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದರಲ್ಲ, ಅವತ್ತಿನಿಂದ ನಮ್ಮ ಕಡೆಯ ಮೂರ್ನಾಲ್ಕು ಮನೆಯವರು ಕೇಳಿದ್ದಾರೆ, "ನಿಮ್ಮ ಮಕ್ಕಳನ್ನ ಯಾವಾಗ ಶುರು ಮಾಡಿಸಿದ್ರಿ?" ಅಂತ. ನಾನು ಓದಿದ್ದು ಬಿಕಾಂ. ಲೆಕ್ಕ ಹೇಳಿಕೊಡಲು ಬರಲ್ಲ. ಆದರೆ ಕೋಚಿಂಗ್, ಮೇಷ್ಟ್ರ ಜಗಲಿ ಎರಡು ದಾರಿಯನ್ನೂ ಹತ್ತಿರದಿಂದ ನೋಡಿದ್ದೇನೆ, ಒಂದಕ್ಕೆ ದುಡ್ಡೂ ಕೊಟ್ಟಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಶಾಲೆಯಲ್ಲಿ ಫಾರಂ ಹಂಚಿ, ನಾಲ್ಕರಲ್ಲಿ ಒಂದು ಟಿಕ್ ಮಾಡಿಸಿ, ಮೆಡಲ್ ಕೊಡುವ ಖಾಸಗಿ 'ಒಲಿಂಪಿಯಾಡ್' ಬೇರೆ. ನಮ್ಮ ಷೋಕೇಸಿನಲ್ಲಿ ಅಂಥವು ಐದಿವೆ. ನಾನು ಹೇಳುತ್ತಿರುವುದು ವಿಜ್ಞಾನ ಶಿಕ್ಷಣದ ಸಂಸ್ಥೆಯಾದ ಮುಂಬೈನ ಹೋಮಿ ಭಾಭಾ ಸೆಂಟರ್ ನೋಡಿಕೊಳ್ಳುವ ದಾರಿ. ಮೊದಲ ಮೆಟ್ಟಿಲು ಐಒಕ್ಯೂಎಂ ಅನ್ನುವ ಅರ್ಹತಾ ಪರೀಕ್ಷೆ. 30 ಪ್ರಶ್ನೆ, ಮೂರು ಗಂಟೆ, 100 ಅಂಕ. ಪ್ರತಿ ಉತ್ತರವೂ 00ರಿಂದ 99ರ ಒಳಗಿನ ಸಂಖ್ಯೆ, ಒಎಂಆರ್ ಹಾಳೆಯಲ್ಲಿ ಗುಂಡಿ ತುಂಬಿದರಾಯಿತು. ಅದು ದಾಟಿದರೆ ಪ್ರಾದೇಶಿಕ ಮಟ್ಟದ ಆರ್‌ಎಂಒ, ಅಲ್ಲಿ ಉತ್ತರ ಯಾಕೆ ಸರಿ ಅನ್ನುವ ಸಾಧನೆಯನ್ನು ಸಾಲು ಸಾಲಾಗಿ ಬರೆಯಬೇಕು. ಜನವರಿಯಲ್ಲಿ ರಾಷ್ಟ್ರಮಟ್ಟದ ಐಎನ್‌ಎಂಒ, ಆಮೇಲೆ ಕ್ಯಾಂಪು, ಕೊನೆಗೆ ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ ಆರು ಜನರ ತಂಡ.

ಮಗನನ್ನು ಎಂಟನೇ ಕ್ಲಾಸಿನ ಜೂನ್‌ನಲ್ಲೇ ಆನ್‌ಲೈನ್ ಕೋಚಿಂಗಿಗೆ ಹಾಕಿದೆವು. ವರ್ಷಕ್ಕೆ 38 ಸಾವಿರ. ವಾರಕ್ಕೆ ಮೂರು ಕ್ಲಾಸು, ಭಾನುವಾರ ಟೆಸ್ಟು, ಸಂಜೆಗೆ ರ‍್ಯಾಂಕು. ಸುಳ್ಳು ಹೇಳಬಾರದು, ಸಿಲಬಸ್ ಪೂರ್ತಿ ಮುಗಿಸಿದರು. ಸಂಖ್ಯಾ ಸಿದ್ಧಾಂತ (ಪೂರ್ಣಾಂಕಗಳ ಗಣಿತ), ಬೀಜಗಣಿತ, ರೇಖಾಗಣಿತ, ಕಾಂಬಿನೇಟರಿಕ್ಸ್ (ಎಣಿಕೆಯ ಗಣಿತ) ನಾಲ್ಕೂ. ಹತ್ತನೇ ಕ್ಲಾಸಿನಲ್ಲಿ ಐಒಕ್ಯೂಎಂ ಸಲೀಸಾಗಿ ದಾಟಿದ. ವೇಗ, ಯಾವುದನ್ನು ಬಿಡಬೇಕು ಅನ್ನುವ ಅಂದಾಜು, ಪರೀಕ್ಷೆಗೆ ಕೂತರೆ ಕೈ ನಡುಗದಿರುವುದು, ಇದೆಲ್ಲ ಕೋಚಿಂಗ್ ಕೊಟ್ಟಿದ್ದು.

ಮಗಳು ಕೋಚಿಂಗ್ ಬೇಡವೇ ಬೇಡ ಅಂದಳು. ಅಣ್ಣನ ಭಾನುವಾರಗಳನ್ನು ಅವಳು ನೋಡಿದ್ದಳಲ್ಲ. ಎಂಟನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟ್ರ ಮನೆ ಜಗಲಿಗೆ ಹೋಗಲು ಶುರು ಮಾಡಿದಳು. ನಾಲ್ಕು ಮಕ್ಕಳು. ವಾರಕ್ಕೆ ಮೂರೇ ಲೆಕ್ಕ. ಮೂರೇ! ನನಗೆ ಮೊದಲು ಹೊಟ್ಟೆ ಉರಿಯಿತು. ಅಲ್ಲಿ ಮೂವತ್ತು ಮಾಡಿಸುತ್ತಿದ್ದರು, ಇಲ್ಲಿ ಮೂರು. ಮೇಷ್ಟ್ರದ್ದು ಒಂದೇ ಷರತ್ತು, ಎರಡು ದಿನ ಒದ್ದಾಡದೆ ಯಾರೂ ಉತ್ತರ ಕೇಳುವ ಹಾಗಿಲ್ಲ. ಬರೆದು ತಂದರೆ ಪ್ರತಿ ಸಾಲಿಗೂ ಪೆನ್ಸಿಲಿನಲ್ಲಿ "ಯಾಕೆ?" ಅಂತ ಬರೆದು ವಾಪಸ್ ಕೊಡುತ್ತಿದ್ದರು. ಫೀಸು ತಗೊಳ್ಳಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದೆ, ಅಷ್ಟೇ.

ವ್ಯತ್ಯಾಸ ನನಗೆ ಅರ್ಥವಾಗಿದ್ದು ಒಂದು ರಾತ್ರಿ ಊಟದ ಹೊತ್ತಿನಲ್ಲಿ. 100 ಫ್ಯಾಕ್ಟೋರಿಯಲ್, ಅಂದರೆ 1ರಿಂದ 100ರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿದರೆ ಕೊನೆಯಲ್ಲಿ ಎಷ್ಟು ಸೊನ್ನೆ ಬರುತ್ತವೆ? ಮಗ ತಟ್ಟೆಯಿಂದ ತಲೆ ಎತ್ತದೆ "24" ಅಂದ. 100ನ್ನು ಐದರಿಂದ ಭಾಗಿಸಿದರೆ 20, ಇಪ್ಪತ್ತೈದರಿಂದ 4, ಕೂಡಿಸಿದರೆ ಆಯ್ತು. ಮಗಳು ಮೇಷ್ಟ್ರು ಕೊಟ್ಟ ಪ್ರಶ್ನೆ ಮುಂದಿಟ್ಟಳು: ಸರಿಯಾಗಿ ಐದೇ ಸೊನ್ನೆ ಬರುವ ಫ್ಯಾಕ್ಟೋರಿಯಲ್ ಇಲ್ಲ ಅಂತ ಸಾಧಿಸು. ಮಗ ಸ್ವಲ್ಪ ಹೊತ್ತು ಕೂತ. ಸೂತ್ರ ಗೊತ್ತು, ಆದರೆ ಎಲ್ಲಿಂದ ಹಿಡಿಯಬೇಕು ಅಂತ ತಿಳಿಯಲಿಲ್ಲ. ಅವಳು ಅದರ ಜೊತೆ ಮೂರು ದಿನ ಕಳೆದಿದ್ದಳು. ಒಂದು ಸೊನ್ನೆ ಬರಲು ಗುಣಾಕಾರದಲ್ಲಿ ಒಂದು '2', ಒಂದು '5' ಬೇಕು. '2'ಗಳು ಬೇಕಾದಷ್ಟು ಸಿಗುತ್ತವೆ, ಆದ್ದರಿಂದ ಐದು ಎಷ್ಟಿವೆಯೋ ಸೊನ್ನೆಯೂ ಅಷ್ಟೇ. 24ರವರೆಗೆ ಬಂದರೆ ನಾಲ್ಕು ಐದುಗಳು. 25 ಒಂದೇ ಏಟಿಗೆ ಎರಡು ಐದು ತರುತ್ತದೆ. ನಾಲ್ಕರಿಂದ ನೇರ ಆರಕ್ಕೆ ಜಿಗಿತ, ಆಮೇಲೆ ಕಡಿಮೆಯಾಗುವ ಮಾತೇ ಇಲ್ಲ. ಬಿಕಾಂ ಅಮ್ಮನಿಗೂ ಅರ್ಥವಾಯಿತು!

ಆದರೆ ಜಗಲಿಯೇ ಗೆದ್ದಿತು ಅಂತ ಹೇಳಲು ಬರುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಸಲ ಐಒಕ್ಯೂಎಂ ಬರೆದಾಗ ಅವಳು ಹತ್ತು ಪ್ರಶ್ನೆಯನ್ನೂ ಮುಟ್ಟಲಿಲ್ಲ. ಒಂದೇ ಲೆಕ್ಕಕ್ಕೆ ಮುಕ್ಕಾಲು ಗಂಟೆ ಅಂಟಿಕೊಂಡಿದ್ದಳಂತೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದರೂ ಗುಂಡಿಗಳನ್ನು ಖಾಲಿ ಬಿಟ್ಟು ಬಂದಿದ್ದಳು. "ಗ್ಯಾರಂಟಿ ಇಲ್ದೆ ಹೇಗೆ ಬರೆಯೋದು?" ಅಂದಳು. ಅದೂ ಮೇಷ್ಟ್ರ ಪ್ರಭಾವವೇ. ಮುಂದಿನ ವರ್ಷ ಜೂನ್‌ನಿಂದ ಹೋಮಿ ಭಾಭಾ ಸೆಂಟರಿನ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುವ ಹಳೆ ಪೇಪರುಗಳನ್ನು ಪ್ರಿಂಟ್ ಹಾಕಿಸಿ, ಗಡಿಯಾರ ಮುಂದಿಟ್ಟು ಬರೆಸಿದೆ. ಒಂಬತ್ತು ಪೇಪರ್. ಪಕ್ಕದಲ್ಲಿ ಕೂತು ಸಮಯ ಹೇಳಿದವನು ಅವಳ ಅಣ್ಣ. ಆ ವಿದ್ಯೆ ಅವನದ್ದೇ ತಾನೆ. ಆ ಸಲ ದಾಟಿದಳು.

ಇನ್ನು ಪಿಯುಸಿಗೆ ಬಂದ ಮೇಲೆ ಶುರು ಮಾಡುವುದು. ನಮ್ಮ ಅಕ್ಕನ ಮಗ ಅದನ್ನು ಮಾಡಿ ನೋಡಿದ. ಬೀಜಗಣಿತದಲ್ಲಿ ನಮ್ಮ ಮಕ್ಕಳಿಗಿಂತ ಗಟ್ಟಿ. ಆದರೆ ಜೆಇಇಗೆ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಕಾಲೇಜಿನಲ್ಲಿ ಕೂರುವ ಹುಡುಗ, ಅಲ್ಲಿ ಕೇಳದ ರೇಖಾಗಣಿತವನ್ನು ಯಾವಾಗ ಓದಬೇಕು? ಅಲ್ಲಿ ಕಲಿಯುವ ಕ್ಯಾಲ್ಕುಲಸ್ ಒಲಿಂಪಿಯಾಡ್‌ನಲ್ಲಿ ಕೆಲಸಕ್ಕೆ ಬರಲ್ಲ. ದಸರಾ ಹೊತ್ತಿಗೆ ಬಿಟ್ಟ. ಇಂಜಿನಿಯರಿಂಗ್ ಬೇಡ, ಗಣಿತವೇ ಬೇಕು ಅನ್ನುವ ಮಗುವಾದರೆ ಪಿಯುಸಿಯಲ್ಲೂ ಪ್ರಯತ್ನ ಪಡಲಿ. ಬೆಂಗಳೂರಿನ ಐಎಸ್‌ಐನಲ್ಲಿ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಗಣಿತದ ಪದವಿ ಬಿ.ಮ್ಯಾಥ್ ಓದಲು ಐಎನ್‌ಎಂಒ ಪ್ರಶಸ್ತಿ ಪಡೆದವರು ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನಕ್ಕೆ ಹೋಗಬಹುದು.

ಯಾರಾದರೂ ಕೇಳಿದರೆ ನಾನು ಈಗ ಹೇಳುವುದು: ಎಂಟನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ಶುರು ಮಾಡಿ. ಸಂಖ್ಯಾ ಸಿದ್ಧಾಂತ ಮೊದಲು, ಅದಕ್ಕೆ ಶಾಲೆಯ ಭಾಗಾಕಾರ ಸಾಕು. ಮೊದಲ ವರ್ಷ ಟೆಸ್ಟು, ರ‍್ಯಾಂಕು ಯಾವುದೂ ಬೇಡ, ಬರೆದು ತೋರಿಸಲು ಒಬ್ಬರು ಇದ್ದರೆ ಸಾಕು. ಮೇಷ್ಟ್ರೇ ಆಗಬೇಕಿಲ್ಲ, ಕ್ಲಾಸಿನ ಗೆಳತಿಯಾದರೂ ಸರಿ. ವೇಗದ ಅಭ್ಯಾಸಕ್ಕೆ ಪರೀಕ್ಷೆಗೆ ಮೂರು ತಿಂಗಳು ಮುಂಚೆ ಕೂತರೆ ಆಯಿತು. ಎಸ್ಸೆಸ್ಸೆಲ್ಸಿ ವರ್ಷ ಹಾಳಾಗುತ್ತದೆ ಅಂತ ಹೆದರಿಸುವವರು ಸಿಗುತ್ತಾರೆ. ನಮ್ಮಲ್ಲಿ ಇಬ್ಬರಿಗೂ ಗಣಿತದ ಬೋರ್ಡ್ ಪರೀಕ್ಷೆ ಸುಮ್ನೆ ಆಟದ ಹಾಗೆ ಆಯಿತು. ಸಮಾಜ ವಿಜ್ಞಾನ ಮಾತ್ರ ಸ್ವಲ್ಪ ಅಳಿಸಿತು.

ಮಗನ ಸೆಕೆಂಡ್ ಪಿಯುಸಿಯೂ ಈಗ ಮುಗಿಯಿತು. ಕೋಚಿಂಗಿನ ಆ ದಪ್ಪ ದಪ್ಪ ಮಾಡ್ಯೂಲುಗಳನ್ನು ಯಾರಿಗಾದರೂ ಕೊಟ್ಟುಬಿಡು ಅಂದೆ. ಕೊಟ್ಟ. ಕೊಡುವ ಮುಂಚೆ ಒಂದು ಹಾಳೆ ಹರಿದು ಫ್ರಿಜ್ಜಿಗೆ ಅಂಟಿಸಿದ್ದಾನೆ. ವೃತ್ತದೊಳಗಿನ ಚತುರ್ಭುಜದ್ದೊಂದು ಲೆಕ್ಕ. ಉತ್ತರ ಹಿಂದಿನ ಪುಟದಲ್ಲಿದೆ, ಆ ಕಡೆಯನ್ನು ಫ್ರಿಜ್ಜಿಗೆ ಮಾಡಿ ನಾಲ್ಕೂ ಮೂಲೆಗೆ ಟೇಪ್ ಹಾಕಿದ್ದಾನೆ. ತಂಗಿಗೂ ಇನ್ನೂ ಆಗಿಲ್ಲ.