ಲಿಸ್ಪ್ ಕಂಪೈಲರ್ ಕೆಟ್ಟಿದೆಯೆಂದು ಕ್ವಿಕ್‌ಲಿಸ್ಪ್ ಫೋಲ್ಡರನ್ನು ಅಳಿಸಲು ಬಿಡಬೇಡಿ

ಉಬುಂಟುವಿನಲ್ಲಿ ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುತ್ತಿರುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗಳ ಇಡೀ ಪ್ರಾಜೆಕ್ಟ್, ಕಂಪೈಲರಿನ ಸಣ್ಣದೊಂದು ತೊಡಕನ್ನು ಸರಿಪಡಿಸುವ ಭರದಲ್ಲಿ ಅಳಿಸಿಹೋಯಿತು.

ಅವಳ ಕಂಪ್ಯೂಟರಿನಲ್ಲಿದ್ದುದು ಉಬುಂಟು 22.04. ಅದರೊಂದಿಗೆ ದೊರೆಯುವ ಲಿಸ್ಪ್ ಕಂಪೈಲರ್ ಎಸ್‌ಬಿಸಿಎಲ್ 2.1.11 ಹಳೆಯದೆಂದು ಹೊಸ ಆವೃತ್ತಿಯನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಿಕೊಂಡಿದ್ದಳು. ಆಮೇಲೆ ಟರ್ಮಿನಲ್‌ನಲ್ಲಿ ಎಸ್‌ಬಿಸಿಎಲ್ ತೆರೆದಾಗಲೆಲ್ಲ, ಈ ಕೋರ್ ಬೇರೊಂದು ರನ್‌ಟೈಮ್‌ಗಾಗಿ ತಯಾರಾದದ್ದು ಎಂಬ ಅರ್ಥದ ಸಂದೇಶ ತೋರಿಸಿ ಅದು ನಿಂತುಬಿಡುತ್ತಿತ್ತು.

ನಗರದ ಅಂಗಡಿಯೊಂದಕ್ಕೆ ಕಂಪ್ಯೂಟರನ್ನು ಕೊಟ್ಟೆವು. ಹಳೆಯ ಎಸ್‌ಬಿಸಿಎಲ್ ಹಾಕಿಕೊಟ್ಟಿದ್ದವರೂ ಅವರೇ. ಫೈಲುಗಳು ಕೆಟ್ಟಿವೆಯೆಂದು ತೀರ್ಮಾನಿಸಿದ ಅವರು ನಮ್ಮನ್ನು ಒಂದು ಮಾತೂ ಕೇಳದೆ, ಕಂಪೈಲರನ್ನು ತೆಗೆದು ಮತ್ತೆ ಹಾಕಿದ್ದಲ್ಲದೆ ಹೋಮ್ ಫೋಲ್ಡರಿನಲ್ಲಿದ್ದ, ಲಿಸ್ಪ್ ಲೈಬ್ರರಿಗಳನ್ನು ಇಳಿಸಿಕೊಡುವ ಕ್ವಿಕ್‌ಲಿಸ್ಪ್‌ನ ಫೋಲ್ಡರನ್ನೂ ಅಳಿಸಿದರು. ಅದರೊಳಗಿನ ಲೋಕಲ್-ಪ್ರಾಜೆಕ್ಟ್ಸ್ ಎಂಬ ಫೋಲ್ಡರಿನಲ್ಲಿಯೇ ಅವಳ ಕೋಡ್ ಇತ್ತು. ಇಷ್ಟಾದರೂ ದೋಷ ಹೋಗಲಿಲ್ಲ.

ಹೋಗುವುದು ಸಾಧ್ಯವೂ ಇರಲಿಲ್ಲ. ಎಸ್‌ಬಿಸಿಎಲ್‌ಗೆ ಎರಡು ಭಾಗಗಳಿವೆ: ನಾವು ಓಡಿಸುವ ಪ್ರೋಗ್ರಾಂ ಆದ ರನ್‌ಟೈಮ್, ಮತ್ತು ಅದು ತೆರೆದುಕೊಳ್ಳುವ ಲಿಸ್ಪ್ ವ್ಯವಸ್ಥೆಯಿರುವ ಕೋರ್ ಫೈಲ್. ಎರಡೂ ಒಂದೇ ಬಿಲ್ಡ್‌ನವಾಗಿರಬೇಕು. ಮೊದಲ ಬಾರಿ ಹಾಕಿಕೊಡುವಾಗ ಅಂಗಡಿಯವರು, ಲಾಗಿನ್ ಆದಾಗ ಓದಲಾಗುವ ಡಾಟ್ ಪ್ರೊಫೈಲ್ (.profile) ಎಂಬ ಸೆಟ್ಟಿಂಗ್ ಫೈಲಿನಲ್ಲಿ ಎಸ್‌ಬಿಸಿಎಲ್_ಹೋಮ್ ಎಂಬ ವೇರಿಯಬಲ್ಲನ್ನು ಹಳೆಯ ಫೋಲ್ಡರಿಗೆ ಕಟ್ಟಿಟ್ಟಿದ್ದರು. ಹೀಗಾಗಿ ಓಡುತ್ತಿದ್ದುದು ಹೊಸ ರನ್‌ಟೈಮ್, ಅದು ಹುಡುಕಿ ತೆರೆಯುತ್ತಿದ್ದುದು ಹಳೆಯ ಕೋರ್. ಕಂಪೈಲರನ್ನು ಎಷ್ಟು ಸಲ ತೆಗೆದು ಹಾಕಿದರೂ ಡಾಟ್ ಪ್ರೊಫೈಲ್‌ನ ಆ ಸಾಲು ಹಾಗೆಯೇ ಉಳಿಯುತ್ತದೆ. ಕೋರ್ ಫೈಲಿನ ದಾರಿಯನ್ನು ಕೈಯಾರೆ ಕೊಟ್ಟು ತೆರೆಯುವ ಸಲಹೆಯೂ ಪರಿಹಾರವಲ್ಲ. ಲಿಸ್ಪ್ ಪ್ರಾಜೆಕ್ಟುಗಳನ್ನು ಹುಡುಕಿ ಲೋಡ್ ಮಾಡುವ ಎಎಸ್‌ಡಿಎಫ್‌ನಂತಹ ಜೊತೆಗಿನ ಮಾಡ್ಯೂಲುಗಳನ್ನು ಹುಡುಕುವುದೂ ಅದೇ ವೇರಿಯಬಲ್ ಹೇಳಿದ ಜಾಗದಲ್ಲಿ.

ಇಂತಹ ಸಂದೇಶ ಕಂಡರೆ ಮೊದಲು ಆ ವೇರಿಯಬಲ್ಲಿನಲ್ಲಿ ಏನಿದೆಯೆಂದು ಟರ್ಮಿನಲ್‌ನಲ್ಲಿ ನೋಡಿರಿ. ಹಳೆಯ ದಾರಿ ಇದ್ದರೆ ಆ ಸಾಲನ್ನು ತೆಗೆದು, ಲಾಗ್ ಔಟ್ ಆಗಿ ಮತ್ತೆ ಒಳಬಂದರೆ ಸಾಕು. ಸರಿಯಾಗಿ ಇನ್‌ಸ್ಟಾಲ್ ಆದ ಎಸ್‌ಬಿಸಿಎಲ್ ತನ್ನ ಕೋರನ್ನು ತಾನೇ ಕಂಡುಕೊಳ್ಳುತ್ತದೆ. ಕಂಪೈಲ್ ಆದ ಹಳೆಯ ಫೈಲುಗಳ ಮೇಲೆ ಅನುಮಾನವಿದ್ದರೆ ಡಾಟ್ ಕ್ಯಾಶ್ ಒಳಗಿನ ಕಾಮನ್-ಲಿಸ್ಪ್ ಫೋಲ್ಡರನ್ನು ಅಳಿಸಬಹುದು, ಅದು ಮತ್ತೆ ತಾನಾಗಿ ತಯಾರಾಗುತ್ತದೆ. ಲೋಕಲ್-ಪ್ರಾಜೆಕ್ಟ್ಸ್ ಹಾಗಲ್ಲ. ಸ್ವಂತ ಕೋಡನ್ನು ಹೋಮ್‌ನಲ್ಲಿ ಕಾಮನ್-ಲಿಸ್ಪ್ ಎಂಬ ಬೇರೆ ಫೋಲ್ಡರಿನಲ್ಲಿ ಇಡುವುದು ಮೇಲು. ಎಎಸ್‌ಡಿಎಫ್ ಅಲ್ಲಿಯೂ ತಾನಾಗಿ ಹುಡುಕುತ್ತದೆ. ಕಂಪ್ಯೂಟರನ್ನು ಯಾರ ಕೈಗೆ ಕೊಡುವುದಿದ್ದರೂ, ಅದಕ್ಕೆ ಮುಂಚೆ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡಿರಿ.